ಹಾಲಿನ ಗುಣಮಟ್ಟ ಮತ್ತು ಮುಂದಾಳುಗಳ ಹೊಣೆ

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಪ್ಪತ್ತೈದು ವರ್ಷ ಮಳೆ ಇರಲಿ, ಹಬ್ಬ ಇರಲಿ, ಊರಲ್ಲಿ ಸಾವೇ ಆಗಿರಲಿ, ಬೆಳಿಗ್ಗೆ ಸಂಜೆ ತಪ್ಪದೆ ಸಂಘದ ಬಾಗಿಲು ತೆರೆಯುವುದೆಂದರೆ ಸಾಮಾನ್ಯ ಮಾತಲ್ಲ. ಅದಕ್ಕಾಗಿ ಮೊದಲು ನಿಮಗೆಲ್ಲ ನನ್ನ ಅಭಿನಂದನೆ. ಬೆಳ್ಳಿಹಬ್ಬದ ದಿನ ಹೊಗಳುವವರು ಬೇಕಾದಷ್ಟು ಜನ ಇದ್ದಾರೆ. ಡೇರಿಯ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಹಾಲು ಪರೀಕ್ಷೆ ಮಾಡಿದವನಾದ್ದರಿಂದ ನಾನು ಸ್ವಲ್ಪ ಖಾರದ ಮಾತನ್ನೇ ಆಡುತ್ತೇನೆ. ತಪ್ಪು ತಿಳಿಯಬೇಡಿ.

ಹಾಲು ಕೆಟ್ಟಾಗ ನಾವು ಯಾರನ್ನು ಬೈಯುತ್ತೇವೆ? ಕ್ಯಾನ್ ತೊಳೆಯುವ ಹುಡುಗನನ್ನು, ಪರೀಕ್ಷಕರನ್ನು, ಇಲ್ಲವೇ ಕರೆಂಟ್ ತೆಗೆದವರನ್ನು. ಮುಂದೆ ಕೂತವರಿಂದಲೂ ಹಾಲು ಕೆಡುತ್ತದೆ ಎಂಬುದು ಯಾರಿಗೂ ಹೊಳೆಯುವುದಿಲ್ಲ. ಅದಕ್ಕೆ ಜಪಾನಿನಲ್ಲಿ ನಡೆದ ಒಂದು ಸಂಗತಿ ಹೇಳುತ್ತೇನೆ, ಕೇಳಿ.

ಸ್ನೋ ಬ್ರ್ಯಾಂಡ್ ಎಂಬುದು ಆಗ ಅಲ್ಲಿನ ಬಹು ದೊಡ್ಡ ಹಾಲಿನ ಕಂಪನಿಯಾಗಿತ್ತು. ಅದರ ಮೂಲ ನಮ್ಮ ಹಾಗೆಯೇ. 1925ರಲ್ಲಿ ಹೊಕ್ಕೈಡೋ ಎಂಬ ಚಳಿ ಸೀಮೆಯ ರೈತರು ಸೇರಿ ಕಟ್ಟಿದ ಸಹಕಾರ ಸಂಘ ಅದು. 2000ನೇ ಇಸವಿ ಮಾರ್ಚ್ 31ರಂದು ಅದರ ತೈಕಿ ಎಂಬ ಊರಿನ ಕಾರ್ಖಾನೆಯಲ್ಲಿ ಕರೆಂಟ್ ಹೋಯಿತು. ಸುಮಾರು ಮೂರು ಗಂಟೆ ಬರಲಿಲ್ಲ. ಹಾಲು ತಂಪಿಲ್ಲದೆ ಹಾಗೇ ನಿಂತಿತು. ಸ್ಟೆಫಿಲೋಕಾಕಸ್ ಎಂಬ ರೋಗಾಣು ಬೆಳೆದು ವಿಷ ಬಿಟ್ಟಿತು. ನಮ್ಮ ಹಸುಗಳಿಗೆ ಕೆಚ್ಚಲು ಬಾವು ತರುವುದರಲ್ಲೂ ಈ ರೋಗಾಣುವಿನ ಕೈವಾಡ ಉಂಟು. ತಾಯಂದಿರು ಒಂದು ಮಾತು ನೆನಪಿಡಬೇಕು: ಹಾಲು ಕಾಯಿಸಿದರೆ ರೋಗಾಣು ಸಾಯುತ್ತದೆ, ಆದರೆ ಅದು ಆಗಲೇ ಬಿಟ್ಟ ವಿಷ ಕಾಯಿಸಿದರೂ ಹೋಗುವುದಿಲ್ಲ.

ಆ ಹಾಲನ್ನು ಚೆಲ್ಲಬೇಕಿತ್ತು. ಚೆಲ್ಲಲಿಲ್ಲ, ಪುಡಿ ಮಾಡಿದರು. ಪುಡಿಯ ಪರೀಕ್ಷೆಯಲ್ಲಿ ರೋಗಾಣುಗಳ ಲೆಕ್ಕ ಕಂಪನಿಯ ಮಿತಿಯನ್ನೇ ದಾಟಿತ್ತು. ಆಗಲೂ ಚೆಲ್ಲಲಿಲ್ಲ. ನೀರಿನಲ್ಲಿ ಕದಡಿ ಏಪ್ರಿಲ್ 10ರ ಹೊಸ ಪುಡಿಗೆ ಸೇರಿಸಿದರು. ಆ ಪುಡಿ ಒಸಾಕಾ ನಗರದ ಕಾರ್ಖಾನೆಗೆ ಹೋಗಿ ಕಡಿಮೆ ಕೊಬ್ಬಿನ ಹಾಲಾಯಿತು. ಜೂನ್ ಕೊನೆಗೆ ಜನ ವಾಂತಿ ಭೇದಿಯಿಂದ ಮಲಗಿದರು, ಒಬ್ಬಿಬ್ಬರಲ್ಲ, 13 ಸಾವಿರಕ್ಕೂ ಹೆಚ್ಚು ಮಂದಿ!

ಈಗ ಮುಂದಾಳುಗಳ ಕಥೆ ನೋಡಿ. ಜೂನ್ 27ರಂದು ಮೊದಲ ದೂರು ಬಂತು. 28ರಂದು ದೊಡ್ಡವರೆಲ್ಲ ಷೇರುದಾರರ ಸಭೆಯಲ್ಲಿ ಕೂತಿದ್ದರು. ಹಾಲು ವಾಪಸ್ ತರಿಸುವ ಪ್ರಕಟಣೆ ಹೊರಬಿದ್ದದ್ದು 29ರ ರಾತ್ರಿ. ಅಷ್ಟರಲ್ಲಿ ಎಷ್ಟು ಮಕ್ಕಳು ಕುಡಿದಿರಬೇಕು! ಒಸಾಕಾ ಕಾರ್ಖಾನೆಯ ಒಂದು ವಾಲ್ವ್ ಕೊಳಕಾಗಿತ್ತು ಎಂಬುದು ಅಧ್ಯಕ್ಷರಿಗೆ ಗೊತ್ತಾದದ್ದು ಪತ್ರಕರ್ತರ ಮುಂದೆ, ಪಕ್ಕದಲ್ಲಿ ಕೂತ ಕಾರ್ಖಾನೆ ಮುಖ್ಯಸ್ಥರ ಬಾಯಿಂದ. ಕೆಳಗಿನ ಕೆಟ್ಟ ಸುದ್ದಿ ಮೇಲಕ್ಕೆ ಏರುತ್ತಲೇ ಇರಲಿಲ್ಲ. ಆ ಕಾರ್ಖಾನೆಗೆ ನೈರ್ಮಲ್ಯ ವ್ಯವಸ್ಥೆಗಾಗಿ ಸರ್ಕಾರದ ಅನುಮೋದನೆಯೂ ಇತ್ತು. ಗೋಡೆಗೆ ಕಟ್ಟು ಹಾಕಿದ ಕಾಗದ ಹಾಲನ್ನು ಕಾಯುವುದಿಲ್ಲ ಸ್ವಾಮಿ.

ಇನ್ನೂ ನೋವಿನ ಮಾತೆಂದರೆ ಇದು ಅವರಿಗೆ ಹೊಸದಲ್ಲ. 1955ರಲ್ಲಿ ಅದೇ ಕಂಪನಿಯ ಹಾಲಿನ ಪುಡಿಯಿಂದ ಟೋಕಿಯೋದ ಶಾಲೆ ಮಕ್ಕಳು ಕಾಯಿಲೆ ಬಿದ್ದಿದ್ದರು. ಆಗಲೂ ಕಾರಣ ಕರೆಂಟ್ ಹೋದದ್ದು, ಯಂತ್ರ ಕೆಟ್ಟದ್ದು. ಅಂದಿನ ಅಧ್ಯಕ್ಷರು ಕೆಲಸಗಾರರಿಗೆಲ್ಲ ಬುದ್ಧಿ ಹೇಳಿ ಒಂದು ಪತ್ರ ಬರೆದರು. ಹೊಸದಾಗಿ ಸೇರಿದವರಿಗೆ ಅದನ್ನು ಕೊಡುವ ಪದ್ಧತಿ ಬಹುಕಾಲ ಇತ್ತು. ಆಮೇಲೆ ನಿಂತುಹೋಯಿತು, ಪಾಠವೂ ಮರೆತುಹೋಯಿತು. 2000ದಲ್ಲಿ ಅಧ್ಯಕ್ಷರು ರಾಜೀನಾಮೆ ಕೊಟ್ಟರು. 2002ರಲ್ಲಿ ಅದರ ಅಂಗಸಂಸ್ಥೆಯೊಂದು ಹೊರದೇಶದ ದನದ ಮಾಂಸಕ್ಕೆ ಸ್ವದೇಶಿ ಚೀಟಿ ಅಂಟಿಸಿ ಸಿಕ್ಕಿಬಿದ್ದು ಮುಚ್ಚಿಯೇ ಹೋಯಿತು. ರೈತರು ಕಟ್ಟಿದ ಹೆಸರು ಹೀಗೆ ಬೀದಿಗೆ ಬಂತು.

ಐ.ಎಸ್.ಓ. 9001 ಎಂಬ ಗುಣಮಟ್ಟದ ಮಾನಕ 1987ರಲ್ಲಿ ಬಂತು. ಗುಣಮಟ್ಟ ನೋಡಿಕೊಳ್ಳಲು ಆಡಳಿತದ ಪರವಾಗಿ ಒಬ್ಬ ಪ್ರತಿನಿಧಿ ಇರಬೇಕು ಎಂಬ ನಿಯಮ ಅದರಲ್ಲಿತ್ತು. 2015ರ ಪರಿಷ್ಕರಣೆಯಲ್ಲಿ ಆ ನಿಯಮ ಕೈಬಿಟ್ಟು, ಹೊಣೆಯನ್ನು ನೇರವಾಗಿ ಮೇಲಿನವರ ತಲೆಗೆ ಕಟ್ಟಿದರು. ಅಪಾಯ ಬಂದ ಮೇಲೆ ಓಡಾಡುವುದಲ್ಲ, ಎಲ್ಲಿ ಬರಬಹುದೆಂದು ಮೊದಲೇ ಗುರುತಿಸಿ ಎಂದೂ ಹೇಳಿದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆ ಏನು ಬಂತು?

ಹಾಗಾದರೆ ನಮ್ಮ ಸಂಘಗಳಲ್ಲಿ ಈ ಅಪಾಯ ಎಲ್ಲೆಲ್ಲಿದೆ? ನಾನು ಕಂಡ ನಾಲ್ಕನ್ನು ಹೇಳುತ್ತೇನೆ.

ಒಂದು, ದಾಕ್ಷಿಣ್ಯ. ಹಿಂದೆ ಒಂದು ಸಂಘದಲ್ಲಿ, ಊರಿನ ಹೆಸರು ಬೇಡ, ಲ್ಯಾಕ್ಟೋಮೀಟರ್ ಇಳಿದಿದೆ ಎಂದು ಪರೀಕ್ಷಕ ಒಬ್ಬರ ಹಾಲು ತಿರುಗಿಸಿದ. ಅವರು ಅಧ್ಯಕ್ಷರ ತಮ್ಮ. ಸಂಜೆಗೆ ಅಧ್ಯಕ್ಷರೇ ಬಂದು, "ಏನಪ್ಪಾ, ನಮ್ಮನೆ ಹಾಲು ನಿಂಗೆ ಬೇಡ್ವಾ?" ಅಂದರು. ಅಷ್ಟೇ ಮಾತು. ಮಾರನೆಯ ದಿನದಿಂದ ಆ ಹುಡುಗ ಯಾರ ಹಾಲನ್ನೂ ತಿರುಗಿಸಲಿಲ್ಲ. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ.

ಎರಡು, ಕೆಟ್ಟ ಸುದ್ದಿ ತಂದವನನ್ನೇ ಗದರಿಸುವುದು. ಕೂಲರ್ ಕೈಕೊಟ್ಟಿದೆ, ಹಾಲು ನಾಲ್ಕು ಡಿಗ್ರಿಗೆ ಇಳಿದಿಲ್ಲ ಎಂದು ಕಾರ್ಯದರ್ಶಿ ಧೈರ್ಯವಾಗಿ ಫೋನ್ ಮಾಡುವಂತಿರಬೇಕು. ಬೈಗುಳಕ್ಕೆ ಹೆದರಿ ಮುಚ್ಚಿಟ್ಟರೆ ಕೆಡುವುದು ಇಡೀ ಟ್ಯಾಂಕರ್.

ಮೂರು, ಲೀಟರ್ ಲೆಕ್ಕದ ಆಸೆ. ಹೆಚ್ಚು ಹಾಲು ಬಂತೆಂದು ಹೊಗಳಿಸಿಕೊಳ್ಳಲು ಹೋಗಿ, ಔಷಧಿ ಕೊಟ್ಟ ಹಸುವಿನ ಹಾಲನ್ನೂ ಸುರಿಸಿಕೊಳ್ಳುವುದು. ಡಾಕ್ಟರು ಹೇಳಿದಷ್ಟು ದಿನ ಆ ಹಾಲು ಸಂಘಕ್ಕೆ ಬರಕೂಡದು.

ನಾಲ್ಕು, ಮರೆವು. ಚುನಾವಣೆಯಾಗಿ ಮಂಡಳಿ ಬದಲಾದರೆ ಹಳಬರು ಕಲಿತ ಪಾಠವೂ ಅವರ ಜೊತೆಗೇ ಮನೆಗೆ ಹೋಗುತ್ತದೆ.

ಇದಕ್ಕೆ ಮದ್ದು ದುಬಾರಿಯದಲ್ಲ. ಮೊದಲನೆಯದಾಗಿ, ಪರೀಕ್ಷಕರು ತಿರುಗಿಸಿದ ಹಾಲನ್ನು ಅಧ್ಯಕ್ಷರೂ ಸೇರಿದಂತೆ ಯಾರೂ ತೆಗೆದುಕೊಳ್ಳುವಂತಿಲ್ಲ ಎಂದು ಮಂಡಳಿಯಲ್ಲಿ ನಿರ್ಣಯ ಮಾಡಿ. ನಿರ್ದೇಶಕರ ಮನೆಯ ಹಾಲನ್ನು ಎಲ್ಲರೆದುರು ಪರೀಕ್ಷೆ ಮಾಡಿಸಿ. ಎರಡನೆಯದಾಗಿ, ಒಂದು ತಪ್ಪು ಪುಸ್ತಕ ಇಡಿ. ಏನು ಕೆಟ್ಟಿತು, ಯಾಕೆ, ಏನು ಮಾಡಿದೆವು ಎಂದು ತಾರೀಖಿನೊಡನೆ ಬರೆಯಿರಿ. ಪ್ರತಿ ತಿಂಗಳ ಸಭೆಯಲ್ಲಿ ಮೊದಲು ಅದನ್ನೇ ಓದಿ. ಹೊಸ ಮಂಡಳಿ ಬಂದಾಗ ಬೀಗದ ಕೈ ಜೊತೆಗೆ ಅದನ್ನೂ ಒಪ್ಪಿಸಿ. ಮೂರನೆಯದಾಗಿ, ಕರೆಂಟ್ ಹೋದರೆ ಜನರೇಟರ್ ಯಾರು ಹಾಕಬೇಕು, ಅವರಿಲ್ಲದಿದ್ದರೆ ಯಾರು, ಹಾಲು ಚೆಲ್ಲುವ ತೀರ್ಮಾನ ಯಾರದು ಎಂದು ಇಂದೇ ಗೋಡೆ ಮೇಲೆ ಬರೆಸಿ.

ಸದಸ್ಯರಿಗೂ ಒಂದು ಮಾತು. ವಾರ್ಷಿಕ ಮಹಾಸಭೆಯಲ್ಲಿ ಬೋನಸ್ ಎಷ್ಟು ಎಂದಷ್ಟೇ ಕೇಳಬೇಡಿ. ಈ ವರ್ಷ ಎಷ್ಟು ಸಲ ಹಾಲು ವಾಪಸ್ ಬಂತು, ಯಾಕೆ ಬಂತು ಎಂದೂ ಕೇಳಿ. ಕೇಳುವವರಿದ್ದರೆ ಮುಂದಾಳುಗಳು ಎಚ್ಚರವಾಗಿರುತ್ತಾರೆ.

ಕೊಡ ಹಾಲು ಕೆಡಲು ಒಂದು ಹನಿ ಹುಳಿ ಸಾಕು. ಆ ಹನಿ ನಮ್ಮ ಕೈಯಿಂದ ಬೀಳದಿರಲಿ, ಈ ಸಂಘ ಸುವರ್ಣ ಮಹೋತ್ಸವವನ್ನೂ ಇದೇ ಒಳ್ಳೆಯ ಹೆಸರಿನಿಂದ ಆಚರಿಸಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.