ಹಗುರವಾಗಿ ಕಟ್ಟುವ ವಿದ್ಯೆ: ಮಲೆನಾಡಿನ ಮನೆಯಿಂದ ಒಂದು ವಾರದ ಲೆಕ್ಕ

(ಪರಿಸರ ಶಿಬಿರವೊಂದರಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹರೂಪ)



ಪರಿಸರ ಶಿಬಿರದಲ್ಲಿ ಕಾಡು, ನೀರು, ಮಣ್ಣಿನ ಮಾತು ಬರುವುದು ಸಹಜ. ಗಣಕಯಂತ್ರದ ಮುಂದೆ ಕುಳಿತು ಜಾಲತಾಣ ಕಟ್ಟುವ ವೆಬ್ ಡೆವಲಪರ್‌ಗಳ ದಿನಚರಿಗೆ ಇಲ್ಲಿ ಏನು ಸ್ಥಾನ ಎಂಬ ಪ್ರಶ್ನೆ ಏಳಬಹುದು. ಕಾರಣಗಳು ಎರಡು. 2020ರ ಮಾರ್ಚ್ ತಿಂಗಳ ಲಾಕ್‌ಡೌನ್ ನಂತರ ನಗರದ ಕಚೇರಿಯ ಕೆಲಸ ಹಳ್ಳಿಯ ಜಗಲಿಗೂ ಬಂದಿತು. ಅಂದು ಊರಿಗೆ ಮರಳಿದವರಲ್ಲಿ ಹಲವರು ಮತ್ತೆ ನಗರ ಸೇರಿದರು, ಕೆಲವರು ಉಳಿದರು. ಮಕ್ಕಳು ಹೊರಟುಹೋಗಿ ವೃದ್ಧರಷ್ಟೇ ಉಳಿದ ಮನೆಗಳು ಘಟ್ಟದ ಮೇಲೆ ಕಡಮೆಯೇನಿಲ್ಲ. ಆದ್ದರಿಂದ ಈ ಕೆಲಸ ಊರಿನಲ್ಲಿ ಬೇರೂರಬಲ್ಲದೇ ಎಂಬುದು ಮಲೆನಾಡಿನ ಮನೆಗಳ ಅಳಿವು ಉಳಿವಿಗೆ ಸೇರಿದ ಪ್ರಶ್ನೆ. ಎರಡನೆಯ ಕಾರಣ, ಜಾಲತಾಣವು ಗಾಳಿಯಲ್ಲಿ ತೇಲುವ ವಸ್ತುವಲ್ಲ ಎಂಬುದು. ಅದಕ್ಕೆ ವಿದ್ಯುತ್ತು ಬೇಕು, ಯಂತ್ರ ಬೇಕು, ಯಂತ್ರವನ್ನು ತಣಿಸಲು ಗಾಳಿಯೋ ನೀರೋ ಬೇಕು. ಅವೆಲ್ಲವೂ ಎಲ್ಲಿಂದಲೋ ಬರಬೇಕು.

ಮೊದಲು ಈ ಕಸುಬು ಏನೆಂದು ತಿಳಿಯೋಣ. ಸ್ವಿಟ್ಜರ್‌ಲ್ಯಾಂಡಿನ ಜಿನೀವಾ ಬಳಿಯ ಸೆರ್ನ್ ಎಂಬ ಭೌತವಿಜ್ಞಾನ ಸಂಸ್ಥೆಯಲ್ಲಿದ್ದ ಟಿಮ್ ಬರ್ನರ್ಸ್-ಲೀ 1989ರಲ್ಲಿ ವರ್ಲ್ಡ್ ವೈಡ್ ವೆಬ್‌ನ ಪ್ರಸ್ತಾಪವನ್ನು ಮುಂದಿಟ್ಟರು. 1993ರ ಏಪ್ರಿಲ್ 30ರಂದು ಸೆರ್ನ್ ಆ ತಂತ್ರಾಂಶವನ್ನು ಯಾವ ಶುಲ್ಕವೂ ಇಲ್ಲದೆ ಲೋಕದ ಎಲ್ಲರಿಗೂ ಬಿಟ್ಟುಕೊಟ್ಟಿತು. ಇಂದಿಗೂ ಜಾಲತಾಣದ ಪುಟಕ್ಕೆ ಮೂರು ಆಧಾರಗಳಿವೆ. ಎಚ್‌ಟಿಎಂಎಲ್ ಎಂಬುದು ಮನೆಯ ಗೋಡೆ ಮಾಡು ಇದ್ದಂತೆ. ತಲೆಬರಹ ಯಾವುದು, ಪ್ಯಾರಾ ಯಾವುದು ಎಂದು ಅದು ಹೇಳುತ್ತದೆ. ಸಿಎಸ್‌ಎಸ್ ಸುಣ್ಣಬಣ್ಣ. ಜಾವಾಸ್ಕ್ರಿಪ್ಟ್ ಎಂಬುದು ಗುಂಡಿ ಒತ್ತಿದಾಗ ಏನಾಗಬೇಕೆಂದು ಹೇಳುವ ಆಜ್ಞೆ. ಇವನ್ನು ಬಳಸಲು ಪರವಾನಗಿ ಬೇಡ, ಕಲಿಯಲು ಕಾಲೇಜಿನ ಕಟ್ಟೆಯೂ ಬೇಡ. ಪ್ರಪಂಚದ ಯಾವುದೇ ಪುಟದ ಮೂಲಬರಹವನ್ನು ಬ್ರೌಸರ್‌ನಲ್ಲೇ ತೆರೆದು ಓದಬಹುದು. ಹಳ್ಳಿಯ ವಿದ್ಯಾರ್ಥಿಗೂ ಈ ಕಸುಬು ಎಟುಕುವುದು ಇದರಿಂದಲೇ.

ಇನ್ನು ವಾರದ ವಿಚಾರ. ಮುಂದೆ ಬರುವುದು ಯಾರೋ ಒಬ್ಬರ ಜೀವನಚರಿತ್ರೆಯಲ್ಲ. ಅಡಿಕೆ ತೋಟವಿರುವ ಮನೆಯಿಂದ ನಗರದ ಕಂಪನಿಗೆ ಕೆಲಸ ಮಾಡುವ ಸೊಸೆಯೊಬ್ಬಳ ಮಳೆಗಾಲದ ವಾರ ಹೇಗಿದ್ದೀತು ಎಂಬ ಚಿತ್ರ. ಮನೆಯಲ್ಲಿ ಅತ್ತೆ, ಮಾವ, ತೋಟ ನೋಡಿಕೊಳ್ಳುವ ಗಂಡ, ಶಾಲೆಗೆ ಹೋಗುವ ಮಗು.

ಸೋಮವಾರ ತಂಡದ ಸಭೆ. ವಾರದಲ್ಲಿ ಯಾವ ಕೆಲಸ ಯಾರದು ಎಂದು ವಿಡಿಯೋ ಕರೆಯಲ್ಲಿ ನಿರ್ಧಾರವಾಗುತ್ತದೆ. ಸಂಪರ್ಕ ತುಂಡಾದಾಗ ಆಕೆ ವಿಡಿಯೋ ನಿಲ್ಲಿಸಿ ಧ್ವನಿಯನ್ನಷ್ಟೇ ಉಳಿಸಿಕೊಳ್ಳುತ್ತಾಳೆ. ಮಂಗಳವಾರ ಗಾಳಿಮಳೆಗೆ ತಂತಿಯ ಮೇಲೆ ಮರ ಬಿದ್ದು ಕರೆಂಟು ಹೋಗುತ್ತದೆ. ಇನ್‌ವರ್ಟರ್ ಕೆಲವು ಗಂಟೆ ತಾಳುತ್ತದೆ. ಟವರಿನ ಬ್ಯಾಟರಿ ಮುಗಿದ ಮೇಲೆ ಸಿಗ್ನಲ್ಲೂ ಇಲ್ಲ. ಆದರೂ ಕೆಲಸ ನಿಲ್ಲಬೇಕಾಗಿಲ್ಲ. ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ರೂಪಿಸಿದ ಗಿಟ್ ಎಂಬ ತಂತ್ರಾಂಶವು ಯೋಜನೆಯ ಪೂರ್ತಿ ಇತಿಹಾಸವನ್ನು ಪ್ರತಿಯೊಬ್ಬರ ಯಂತ್ರದಲ್ಲೂ ಇರಿಸುತ್ತದೆ. ಸಂಪರ್ಕವಿಲ್ಲದಾಗಲೂ ಬದಲಾವಣೆಗಳನ್ನು ದಾಖಲಿಸಿ, ಸಿಗ್ನಲ್ ಬಂದಾಗ ಒಟ್ಟಿಗೆ ಕಳುಹಿಸಬಹುದು.

ಬುಧವಾರ ಮಳೆ ಹೊಳವಾದರೆ ಕೊಳೆ ಔಷಧಿ ಹೊಡೆಯುವ ದಿನ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಸಿದ್ಧವಾಗಬೇಕು. ಮರ ಹತ್ತುವವರಿಗೆ ತಿಂಡಿ, ಊಟ ಆಗಬೇಕು. ಹೊಳ ಯಾವ ದಿನ ಬರುತ್ತದೆಂದು ಕ್ಯಾಲೆಂಡರ್ ಹೇಳುವುದಿಲ್ಲ. ಆಕೆ ತಂಡಕ್ಕೆ ಮುಂಜಾನೆಯೇ ತಿಳಿಸಿ, ಬೆಳಗಿನ ಕೆಲಸವನ್ನು ಸಂಜೆಗೆ ಬದಲಿಸಿಕೊಳ್ಳುತ್ತಾಳೆ. ಗುರುವಾರ ಮಧ್ಯಾಹ್ನ ಎರಡು ಗಂಟೆ ಹೊಸ ವಿಷಯದ ಅಧ್ಯಯನ. ಶುಕ್ರವಾರ ಸಂಜೆ ಹೊಸದೇನನ್ನೂ ಜಾಲತಾಣಕ್ಕೆ ಏರಿಸಬಾರದೆಂಬ ಪಾಠವನ್ನು ಈ ಕಸುಬಿನ ಅನುಭವಿಗಳೆಲ್ಲ ಬಲ್ಲರು. ಏರಿಸಿದ್ದು ಕೆಟ್ಟರೆ ಶನಿವಾರ, ಭಾನುವಾರಗಳು ಅದಕ್ಕೇ ಸಂದುಹೋಗುತ್ತವೆ. ಶನಿವಾರ ತೋಟ, ಕೊಟ್ಟಿಗೆ, ಪೇಟೆ. ಭಾನುವಾರ ನೆಂಟರು, ಮಗುವಿನ ಪಾಠ.

ಈ ವಾರವನ್ನು ಗಂಟೆಗಳಲ್ಲಿ ಲೆಕ್ಕ ಹಾಕಿದರೆ ಚಿತ್ರ ಸ್ಪಷ್ಟವಾಗುತ್ತದೆ. ವಾರಕ್ಕೆ 168 ಗಂಟೆ. ದಿನಕ್ಕೆ 7 ಗಂಟೆಯಂತೆ ನಿದ್ರೆಗೆ 49. ದಿನಕ್ಕೆ 9 ಗಂಟೆಯಂತೆ ಐದು ದಿನದ ಕಚೇರಿ ಕೆಲಸಕ್ಕೆ 45. ಅಡುಗೆ, ಮಗು, ಹಿರಿಯರ ಆರೈಕೆ, ತೋಟ ಎಂದು ದಿನಕ್ಕೆ 6 ಗಂಟೆ ಹಿಡಿದರೆ 42. ಸ್ನಾನ, ಊಟ, ವಿಶ್ರಾಂತಿಗೆ ದಿನಕ್ಕೆ 3ರಂತೆ 21. ಉಳಿಯುವುದು 11 ಗಂಟೆ. ನಗರದಲ್ಲಿದ್ದು ದಿನಕ್ಕೆ ಎರಡು ಗಂಟೆ ಬಸ್ಸಿನಲ್ಲಿ ಕಳೆದಿದ್ದರೆ ಅದರಲ್ಲಿ ಹತ್ತು ಹೋಗುತ್ತಿತ್ತು. ಊರಿನಲ್ಲಿರುವುದರಿಂದ ಆ ಹತ್ತು ಗಂಟೆ ಕೈಯಲ್ಲಿ ಉಳಿಯಿತು. ಕಲಿಕೆ ನಡೆಯಬೇಕಾದದ್ದು ಅದರಲ್ಲಿಯೇ.

ಆದರೆ ಉಳಿದ ಆ ಗಂಟೆಗಳನ್ನು ಕಸಿಯಲು ಹಲವು ಕೈಗಳು ಕಾದಿರುತ್ತವೆ. ಮನೆಯಲ್ಲಿಯೇ ಇದ್ದಾಳಲ್ಲ ಎಂದು ಮನೆಯವರು ಮತ್ತೊಂದು ಕೆಲಸ ಹೇಳುತ್ತಾರೆ. ಪ್ರಯಾಣದ ಸಮಯ ಉಳಿಯಿತಲ್ಲ ಎಂದು ಕಚೇರಿ ಮತ್ತೊಂದು ಸಭೆ ಕರೆಯುತ್ತದೆ. ಅಡುಗೆಮನೆಯ ಹೊರೆಯೆಲ್ಲ ಒಬ್ಬಳ ಮೇಲೆಯೇ ಬಿದ್ದರೆ ಮೊದಲು ನಿಲ್ಲುವುದು ಕಲಿಕೆ, ಅದರ ಹಿಂದೆಯೇ ಉದ್ಯೋಗ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಸೊಸೆ ಓದುತ್ತಿರುವುದೂ ದುಡಿಮೆಯೇ ಎಂದು ಮನೆ ಒಪ್ಪಬೇಕು. ಕಲಿಕೆಯ ಎರಡು ಗಂಟೆಯೂ ಕೆಲಸದ ಅವಧಿಗೆ ಸೇರಿದ್ದೆಂದು ಕಂಪನಿ ಒಪ್ಪಬೇಕು. ಈ ಎರಡು ಒಪ್ಪಿಗೆಗಳು ಸಿಕ್ಕಲ್ಲಿ ಊರಿನ ಬದುಕು ನಿಲ್ಲುತ್ತದೆ. ಸಿಗದ ಕಡೆ ಎಂಥ ವೇಗದ ಸಂಪರ್ಕ ಬಂದರೂ ಒಂದು ದಿನ ಪೆಟ್ಟಿಗೆ ಕಟ್ಟಬೇಕಾಗುತ್ತದೆ.

ಕಲಿಯುವುದೇನು? ಇಲ್ಲಿ ವಿದ್ಯಾರ್ಥಿಗಳು ಕಿವಿಗೊಡಬೇಕು. ಈ ಕಸುಬಿನಲ್ಲಿ ಹೊಸ ಹೆಸರುಗಳ ಸಂತೆಯೇ ಇದೆ. 2006ರಲ್ಲಿ ಜೆಕ್ವೆರಿ ಬಂದಿತು, 2010ರಲ್ಲಿ ಆಂಗ್ಯುಲರ್‌ಜೆಎಸ್, 2013ರಲ್ಲಿ ರಿಯಾಕ್ಟ್. ಒಂದು ಕಾಲಕ್ಕೆ ಎಲ್ಲೆಡೆ ಮೆರೆದ ಫ್ಲ್ಯಾಶ್ ತಂತ್ರಾಂಶಕ್ಕೆ ಅದರ ಒಡೆಯರೇ 2020ರ ಡಿಸೆಂಬರ್ 31ರಂದು ಬೆಂಬಲ ನಿಲ್ಲಿಸಿದರು. ಅದೊಂದನ್ನೇ ನಂಬಿದವರ ವಿದ್ಯೆ ಅಲ್ಲಿಗೆ ಮುಗಿಯಿತು. ಆದರೆ 1990ರ ದಶಕದ ಆರಂಭದಲ್ಲಿ ಬರೆದ ಸರಳ ಎಚ್‌ಟಿಎಂಎಲ್ ಪುಟ ಇಂದಿನ ಬ್ರೌಸರ್‌ನಲ್ಲೂ ತೆರೆಯುತ್ತದೆ. ಆದ್ದರಿಂದ ಬುಡವನ್ನು ಮೊದಲು ಕಲಿಯಬೇಕು, ಕೊಂಬೆಗಳನ್ನು ಅಗತ್ಯಕ್ಕೆ ತಕ್ಕಂತೆ ಹಿಡಿಯಬೇಕು. 2022ರ ನಂತರ ಕೃತಕ ಬುದ್ಧಿಮತ್ತೆಯ ಸಾಧನಗಳು ಕೇಳಿದೊಡನೆ ಪ್ರೋಗ್ರಾಂ ಬರೆದುಕೊಡುತ್ತಿವೆ. ಅವು ಬರೆದದ್ದು ಸರಿಯೇ ತಪ್ಪೇ, ಅಗತ್ಯವೇ ಅನಗತ್ಯವೇ ಎಂದು ತೂಗಿ ನೋಡಲು ಬುಡ ಬಲ್ಲವರೇ ಬೇಕು.

ಬುಡದ ವಿದ್ಯೆಗಳಲ್ಲಿ ಒಂದನ್ನು ಮಲೆನಾಡಿನ ಮನೆ ತಾನಾಗಿಯೇ ಕಲಿಸುತ್ತದೆ. ಅದು ಪುಟವನ್ನು ಹಗುರವಾಗಿ ಕಟ್ಟುವ ವಿದ್ಯೆ. 2010ರ ಸುಮಾರಿಗೆ ಸಾಮಾನ್ಯ ಜಾಲಪುಟವೊಂದರ ತೂಕ ಅರ್ಧ ಎಂಬಿಯಷ್ಟಿತ್ತು. ಇಂದು ಅದು ಎರಡು ಎಂಬಿ ಮೀರಿದೆ. ಮಳೆಯಲ್ಲಿ ಕುಂಟುವ ಸಂಪರ್ಕದ ವೇಗ ಸೆಕೆಂಡಿಗೆ 100 ಕಿಲೋಬಿಟ್ ಎಂದಿಟ್ಟುಕೊಳ್ಳಿ. ಎರಡು ಎಂಬಿಯ ಪುಟ ಪೂರ್ತಿ ಇಳಿಯಲು 160 ಸೆಕೆಂಡು, ಎಂದರೆ ಎರಡೂವರೆ ನಿಮಿಷ ದಾಟಿತು. ಅದೇ ಪುಟ 200 ಕೆಬಿ ಇದ್ದರೆ 16 ಸೆಕೆಂಡು ಸಾಕು. ಪಹಣಿ ನೋಡುವ ರೈತನಿಗೆ, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಹುಡುಗಿಗೆ ಈ ವ್ಯತ್ಯಾಸ ದೊಡ್ಡದು. ನಗರದ ಕಚೇರಿಯ ವೇಗದ ಸಂಪರ್ಕದಲ್ಲಿ ಕುಳಿತವರಿಗೆ ಎರಡು ಪುಟಗಳೂ ಒಂದೇ ಎನ್ನಿಸುತ್ತವೆ. ಗುಡ್ಡ ಹತ್ತಿ ಸಿಗ್ನಲ್ ಹುಡುಕಿದವರಿಗೆ ಹಾಗೆನ್ನಿಸದು.

ಭಾರ ಬರುವುದು ಅಕ್ಷರಗಳಿಂದಲ್ಲ. ಗಣಕದ ಇಂದಿನ ರೂಢಿಯ ಸಂಕೇತ ಪದ್ಧತಿಯಾದ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್ ಬೇಕು. ಹತ್ತು ಸಾವಿರ ಚಿಹ್ನೆಗಳ ದೀರ್ಘ ಲೇಖನವೂ 30 ಕೆಬಿ ಮಾತ್ರ. ಮೊಬೈಲಿನಲ್ಲಿ ತೆಗೆದು ಕಿರಿದುಗೊಳಿಸದೆ ಹಾಕಿದ ಮೂರು ಎಂಬಿಯ ಒಂದು ಫೋಟೋ ಅಂಥ ನೂರು ಲೇಖನಗಳ ಭಾರ. ತಾನಾಗಿಯೇ ಓಡುವ ವಿಡಿಯೋ, ಓದುಗರ ಜಾಡು ಹಿಡಿಯುವ ಜಾಹೀರಾತಿನ ಆಜ್ಞೆಗಳು, ಬಳಸದೆ ಉಳಿದ ಜಾವಾಸ್ಕ್ರಿಪ್ಟ್ ಕಟ್ಟುಗಳು ಅದಕ್ಕೆ ಸೇರುತ್ತವೆ. ಚಿತ್ರವನ್ನು ಪರದೆಗೆ ತಕ್ಕ ಗಾತ್ರಕ್ಕೆ ಇಳಿಸುವುದು, ಓದುಗರು ಕೆಳಗೆ ಸರಿದಾಗ ಮಾತ್ರ ಕೆಳಗಿನ ಚಿತ್ರ ತರಿಸುವುದು, ಒಮ್ಮೆ ಇಳಿದದ್ದನ್ನು ಮತ್ತೆ ಇಳಿಸದಂತೆ ಕಾದಿರಿಸುವುದು, ಬೇಡದ್ದನ್ನು ಅಳಿಸುವುದು ಇದಕ್ಕೆ ಮದ್ದು. ಬ್ರೌಸರ್‌ಗಳಲ್ಲಿ ಸಂಪರ್ಕವನ್ನು ಬೇಕೆಂದೇ ನಿಧಾನಗೊಳಿಸಿ ಪರೀಕ್ಷಿಸುವ ಸೌಲಭ್ಯವಿದೆ. ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆಯ ಸಮುದಾಯ ತಂಡವೊಂದು 2023ರಲ್ಲಿ ಪರಿಸರಸ್ನೇಹಿ ಜಾಲತಾಣಗಳಿಗಾಗಿ ಮಾರ್ಗಸೂಚಿಯ ಕರಡನ್ನೂ ಹೊರತಂದಿದೆ.

ಇದಕ್ಕೂ ಘಟ್ಟದ ಕಾಡಿಗೂ ಇರುವ ನಂಟನ್ನು ಈ ಸಭೆಗೆ ಬಹಳ ವಿವರಿಸಬೇಕಿಲ್ಲ. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಿತು. 1035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರ ನಾಡಿಗೆ ಬೆಳಕು ಕೊಟ್ಟಿತು. ಅದರ ಬೆಲೆಯನ್ನು ಮುಳುಗಡೆಯ ಕುಟುಂಬಗಳು ತೆತ್ತವು. ಕಾಳಿ ನದಿಯ ದಡದ ಕೈಗಾದಲ್ಲಿ 220 ಮೆಗಾವಾಟ್‌ನ ನಾಲ್ಕು ಅಣುಘಟಕಗಳಿವೆ. ಸಿಂಗಳೀಕಗಳ ನೆಲೆಯಾದ ಶರಾವತಿ ಕಣಿವೆಯಲ್ಲಿ 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪವೂ ಬಂದು ಜನರ ವಿರೋಧವನ್ನು ಎದುರಿಸಿದೆ. ಪ್ರತಿ ಬಾರಿಯೂ ಮುಂದಿಡುವ ಕಾರಣ ಒಂದೇ: ವಿದ್ಯುತ್ತಿನ ಬೇಡಿಕೆ ಏರುತ್ತಿದೆ. ಆ ಬೇಡಿಕೆಯಲ್ಲಿ ಜಾಲತಾಣಗಳನ್ನು ಹೊತ್ತ ದತ್ತಾಂಶ ಕೇಂದ್ರಗಳದೂ ಪಾಲಿದೆ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಲೋಕದ ದತ್ತಾಂಶ ಕೇಂದ್ರಗಳು ಬಳಸಿದ ವಿದ್ಯುತ್ತು ಸುಮಾರು 415 ಟೆರಾವಾಟ್-ಗಂಟೆ, ಎಂದರೆ ಒಟ್ಟು ಬಳಕೆಯ ಶೇಕಡಾ 1.5ರಷ್ಟು. 2030ರ ವೇಳೆಗೆ ಅದು ಎರಡು ಪಟ್ಟು ಮೀರಬಹುದೆಂದು ಅದೇ ಸಂಸ್ಥೆ ಹೇಳಿದೆ.

ಒಂದು ಪುಟ ಹಗುರವಾದರೆ ಒಂದು ಅಣೆಕಟ್ಟು ತಪ್ಪುತ್ತದೆ ಎನ್ನುವುದು ಉತ್ಪ್ರೇಕ್ಷೆ. ಆದರೆ ಎರಡು ಎಂಬಿಯ ಪುಟ ಅರ್ಧ ಎಂಬಿಗೆ ಇಳಿದರೆ, ಒಂದು ಲಕ್ಷ ಬಾರಿ ತೆರೆದಾಗ 150 ಜಿಬಿಯಷ್ಟು ಸಾಗಾಟ ಉಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಹಳೆಯ ಮೊಬೈಲು ಹಳೆಯದಾಗದೆ ಉಳಿಯುತ್ತದೆ. ಪುಟಗಳು ಭಾರವಾದಂತೆ ಕೆಡದ ಫೋನನ್ನೂ ನಿಧಾನವಾಯಿತೆಂದು ಎಸೆಯುತ್ತಾರೆ. 2022ರಲ್ಲಿ ಲೋಕದಲ್ಲಿ 6.2 ಕೋಟಿ ಟನ್ ಇಲೆಕ್ಟ್ರಾನಿಕ್ ಕಸ ಉಂಟಾಯಿತು. ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ಒಳಪಡಿಸಿದ ದಾಖಲೆ ಇರುವುದು ಅದರಲ್ಲಿ ಶೇಕಡಾ 22.3ಕ್ಕೆ ಮಾತ್ರ.

ಮಿತವಾದ ಬಳಕೆ ಎಂಬ ಮಾತನ್ನು ಸೊಪ್ಪು ಸೌದೆಯ ವಿಷಯದಲ್ಲಿ ಘಟ್ಟದ ಹಿರಿಯರು ಬಹುಕಾಲದಿಂದ ಪಾಲಿಸಿದ್ದಾರೆ. ಬೆಟ್ಟದಿಂದ ಬೇಕಾದಷ್ಟೇ ಸೊಪ್ಪು ತಂದು, ಮುಂದಿನ ವರ್ಷಕ್ಕೆ ಚಿಗುರು ಉಳಿಸುವವರ ಮನೆಯ ಮಗಳಿಗೆ, ಸೊಸೆಗೆ, ಪುಟದಿಂದ ಬೇಡದ್ದನ್ನು ಕಳೆಯುವುದು ಹೊಸ ಪಾಠವಾಗಬೇಕಿಲ್ಲ. ನಗರದ ಕಂಪನಿಯ ಸಭೆಯಲ್ಲಿ, ಈ ವಿಡಿಯೋ ಏಕೆ ಬೇಕು, ಈ ಪುಟವನ್ನು ಮಳೆಗಾಲದಲ್ಲಿ ಯಾರು ತೆರೆದಾರು ಎಂದು ಕೇಳುವ ಅಧಿಕಾರ ಆಕೆಗಿದೆ. ಆ ಪ್ರಶ್ನೆ ಕೇಳಲು ಧೈರ್ಯ ಬರುವುದು ಕಸುಬಿನ ಬುಡ ಗಟ್ಟಿಯಿದ್ದಾಗ, ಬುಡ ಗಟ್ಟಿಯಾಗುವುದು ವಾರದ ಆ ಕೆಲವು ಗಂಟೆಗಳು ಉಳಿದಾಗ.

ಆದ್ದರಿಂದ ಹಿರಿಯರಲ್ಲಿ ಒಂದು ಕೋರಿಕೆ: ಊರಿನಲ್ಲಿ ನೆಲೆಸಿ ದುಡಿಯಲು ಬಯಸುವ ಮಕ್ಕಳ, ಸೊಸೆಯರ ಕಲಿಕೆಯ ಗಂಟೆಗಳನ್ನು ತೋಟಕ್ಕೆ ನೀರು ಬಿಡುವ ಸರದಿಯಷ್ಟೇ ಕಟ್ಟುನಿಟ್ಟಾಗಿ ಕಾಯಿರಿ, ಮನೆಗೆಲಸವನ್ನು ಹಂಚಿಕೊಳ್ಳಿರಿ. ವಿದ್ಯಾರ್ಥಿಗಳಲ್ಲಿ ಇನ್ನೊಂದು: ಈ ವಾರವೇ ಸರಳವಾದ ಒಂದು ಕನ್ನಡ ಪುಟ ಬರೆಯಿರಿ. ಊರಿನ ಹಳ್ಳದ ಹೆಸರು, ಅದು ಸೇರುವ ನದಿಯ ಹೆಸರು, ದಡದ ಮರಗಳ ಹೆಸರು ಅದರಲ್ಲಿರಲಿ. ಬರೆದ ಮೇಲೆ ಅದರ ತೂಕ ನೋಡಿರಿ. ಬಳಿಕ ಊರಿನಲ್ಲಿ ಸಿಗ್ನಲ್ ಎಲ್ಲಿ ತೀರ ಕಡಮೆಯೋ ಅಲ್ಲಿಗೆ ಹೋಗಿ, ಮನೆಯ ಅತ್ಯಂತ ಹಳೆಯ ಮೊಬೈಲಿನಲ್ಲಿ ಅದನ್ನು ತೆರೆದು ನೋಡಿರಿ. ಅಲ್ಲಿ ತೆರೆದ ಪುಟ ಎಲ್ಲಿಯೂ ತೆರೆಯುತ್ತದೆ.