ಕ್ರಾಸ್



ಹಾವೇರಿಯಿಂದ ರಾಣೇಬೆನ್ನೂರಿನ ಕಡೆ ಹೊರಟ ಬಸ್ಸಿನಲ್ಲಿ ‘ಮೋಟೆಬೆನ್ನೂರ ಕ್ರಾಸಿಗೆ ಇಳಸ್ರಿ’ ಎಂದರೆ ಸಾಕು. ಹೆದ್ದಾರಿ ಬಿಟ್ಟು ಬ್ಯಾಡಗಿಯ ದಾರಿ ಹಿಡಿಯುವವರು ಎಂದು ಕಂಡಕ್ಟರಿಗೆ ತಿಳಿಯುತ್ತದೆ. ಅದೇ ಹೊತ್ತಿಗೆ ರಾಣೇಬೆನ್ನೂರಿನ ಸುತ್ತಲ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ‘ಕ್ರಾಸಿಂಗಿಗೆ ಹೊಂಟೀವ್ರಿ’ ಎನ್ನುತ್ತ ಬೀಜದ ಹೊಲಕ್ಕೆ ನಡೆದಿರುತ್ತಾರೆ. ಕೋರ್ಟಿನ ಅಂಗಳದಲ್ಲಿ ‘ಇವತ್ತ ನಮ್ಮ ಸಾಕ್ಷಿ ಕ್ರಾಸ್ ಐತಿ’ ಎಂಬ ಮಾತು, ಬ್ಯಾಂಕಿನಲ್ಲಿ ‘ಚೆಕ್ ಕ್ರಾಸ್ ಮಾಡಿ ಕೊಡ್ರಿ’ ಎಂಬ ಮಾತು. ಪದ ಒಂದೇ, ಅರ್ಥ ಹಲವು. ಇವುಗಳಲ್ಲಿ ನಮ್ಮ ಹಾವೇರಿ ಜಿಲ್ಲೆಯ ಬದುಕಿಗೆ ತೀರ ಹತ್ತಿರವಾದದ್ದು ಹೊಲದ ಕ್ರಾಸಿಂಗ್.

ರಾಣೇಬೆನ್ನೂರು ಬೀಜದ ಊರು. ಹತ್ತಿಯ ಹೊಲದಲ್ಲಿ ನಾಳೆ ಅರಳಲಿರುವ ಮೊಗ್ಗನ್ನು ಇಂದು ಸಂಜೆಯೇ ಗುರುತಿಸಿ, ಅದರ ಎಸಳನ್ನೂ ಕೇಸರವನ್ನೂ ಉಗುರಿನಿಂದ ಬಿಡಿಸುತ್ತಾರೆ. ಒಳಗಿನ ಶಲಾಕೆಗೆ ಚೂರೂ ನೋವಾಗಬಾರದು. ಮರುದಿನ ಬೆಳಗ್ಗೆ ಗಂಡು ಗಿಡದ ಹೂ ತಂದು, ಅದರ ಪರಾಗವನ್ನು ಶಲಾಕೆಯ ತುದಿಗೆ ಹಗುರವಾಗಿ ಸವರುತ್ತಾರೆ. ಒಂದೊಂದು ಹೂವಿಗೂ ಇದೇ ಕೆಲಸ. ಹೊತ್ತು ಏರಿದರೆ ಪರಾಗದ ಕಸುವು ಕುಗ್ಗುತ್ತದೆ. ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ. ಎಚ್. ಕಟರ್ಕಿ ಅವರು ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ 1972ರಲ್ಲಿ ‘ವರಲಕ್ಷ್ಮಿ’ ತಳಿಯನ್ನು ಕೊಟ್ಟರು. ಅಂಥ ಸಂಕರ ಬೀಜ ರೈತನ ಕೈ ಸೇರಬೇಕಾದರೆ ಇಷ್ಟು ಬೆರಳುಗಳ ನಾಜೂಕು ಬೇಕು. ಬೀಜದ ಪಾಕೀಟಿನ ಮೇಲೆ ಆ ಹೆಣ್ಣುಮಕ್ಕಳ ಹೆಸರಿರುವುದಿಲ್ಲ. ನಾವಾದರೂ ಅವರನ್ನು ನೆನೆಯಬೇಕು.

ಇನ್ನು ಬ್ಯಾಡಗಿಗೆ ಬನ್ನಿ. ಅಲ್ಲಿ ಇದೇ ಕ್ರಾಸ್ ಆತಂಕದ ಮಾತು. ಮೆಣಸಿನಕಾಯಿ ಗಿಡದ ಹೂವಿಗೆ ಜೇನುಹುಳ ಬಂದು ಕೂತರೆ, ಪಕ್ಕದ ಹೊಲದ ಪರಾಗವೂ ಜೊತೆಗೆ ಬಂದೀತು. ಬೀಜ ಬೆರಕೆಯಾದರೆ ಬ್ಯಾಡಗಿ ಡಬ್ಬಿ, ಬ್ಯಾಡಗಿ ಕಡ್ಡಿ ಎಂಬ ತಳಿಗಳ ಕಡುಗೆಂಪು ಬಣ್ಣ, ಕಡಿಮೆ ಖಾರ, ಸುಕ್ಕುಸುಕ್ಕು ಮೈ ಉಳಿಯುವ ಭರವಸೆಯಿಲ್ಲ. ಅದಕ್ಕೇ ಪ್ರಮಾಣಿತ ಬೀಜ ಬೆಳೆಯುವ ಹೊಲಕ್ಕೂ ಬೇರೆ ತಳಿಯ ಮೆಣಸಿನ ಹೊಲಕ್ಕೂ ಕನಿಷ್ಠ 200 ಮೀಟರ್ ಅಂತರವಿರಬೇಕೆಂಬ ನಿಯಮ. 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಈ ಮೆಣಸಿನ ಹೆಸರು ಉಳಿಯಬೇಕಾದರೆ ಬೀಜ ಕಾಯುವ ರೈತನೂ ಉಳಿಯಬೇಕು.

ಒಂದೆಡೆ ಕೂಡಿಸುವುದೇ ಕೆಲಸ, ಇನ್ನೊಂದೆಡೆ ಕೂಡದಂತೆ ಕಾಯುವುದೇ ಕೆಲಸ. ಎರಡೂ ಸರಿ. ಏಕೆಂದರೆ ಎರಡರಲ್ಲೂ ಎಚ್ಚರವಿದೆ. ಯಾವುದು ಯಾವುದನ್ನು, ಯಾವಾಗ, ಹೇಗೆ ಸೇರಬೇಕೆಂಬ ಅರಿವಿದೆ.

ಉಳಿದ ಕ್ರಾಸುಗಳಲ್ಲೂ ಇದೇ ಅರಿವು. ನ್ಯಾಯಾಲಯದಲ್ಲಿ ಒಬ್ಬನ ಸಾಕ್ಷ್ಯ ಕೇಳಿದ ಮೇಲೆ ಎದುರು ಪಕ್ಷಕ್ಕೂ ಪ್ರಶ್ನಿಸುವ ಹಕ್ಕುಂಟು. ಆ ಪಾಟೀಸವಾಲನ್ನು ಹಾದು ಬಂದ ಮಾತಿಗೆ ತೂಕ ಹೆಚ್ಚು. ಚೆಕ್ಕಿನ ಮೂಲೆಗೆ ಎಳೆದ ಎರಡು ಗೆರೆ, ಹಣ ಯಾರದೋ ಕೈಗೆ ನಗದಾಗಿ ಹೋಗದೆ ಖಾತೆಗೇ ಸೇರುವಂತೆ ಕಾಯುತ್ತವೆ. ಜೋಡಿ ಹಳಿ ಬರುವ ಮೊದಲು ನಮ್ಮ ರೈಲು ಮಾರ್ಗದಲ್ಲಿ ‘ಕ್ರಾಸಿಂಗ್ ಐತಿ’ ಎಂದರೆ ಒಂದು ಗಾಡಿ ನಿಲ್ದಾಣದಲ್ಲಿ ನಿಲ್ಲಬೇಕಿತ್ತು, ಎದುರಿನ ಗಾಡಿ ದಾಟಬೇಕಿತ್ತು. ನಿಂತ ಗಾಡಿ ಸೋತಿತೆಂದು ಯಾರೂ ಹೇಳುತ್ತಿರಲಿಲ್ಲ.

ಮನೆಯಲ್ಲಿ ಎರಡು ತಲೆಮಾರು, ಊರಿನಲ್ಲಿ ಎರಡು ಅಭಿಪ್ರಾಯ, ಅಣ್ಣತಮ್ಮಂದಿರ ನಡುವೆ ಎರಡು ಲೆಕ್ಕ ದಿನವೂ ಎದುರಾಗುತ್ತವೆ. ಎದುರಾದದ್ದೆಲ್ಲ ಜಗಳವಾಗಬೇಕಿಲ್ಲ. ನಮ್ಮ ಮಾತನ್ನು ಇನ್ನೊಬ್ಬರ ಪ್ರಶ್ನೆಗೆ ಒಡ್ಡೋಣ. ದಾಟುವ ಸರದಿ ಅವರದಿದ್ದರೆ ಬಿಡೋಣ. ಉಳಿಸಿಕೊಳ್ಳಬೇಕಾದ ನಮ್ಮತನವನ್ನು ಗಟ್ಟಿಯಾಗಿ ಉಳಿಸಿಕೊಳ್ಳೋಣ. ಕೂಡಿ ಬಾಳುವ ವಿದ್ಯೆ ಪುಸ್ತಕದಲ್ಲಷ್ಟೇ ಇಲ್ಲ, ನಮ್ಮ ಜಿಲ್ಲೆಯ ದುಡಿಮೆಯಲ್ಲೇ ಇದೆ. ಅದನ್ನು ಕಲಿಯುವ ಮನಸ್ಸು ನಮಗಿರಲಿ.