ಬಿರುಗಾಳಿಯ ನಂತರದ ಒಂದು ವರ್ಷ: ಗಂಗೊಳ್ಳಿಯ ಲೆಕ್ಕ



ಗಂಗೊಳ್ಳಿಯ ದಡದಲ್ಲಿ ನಿಂತರೆ ಅಳಿವೆಯಾಚೆ ಕುಂದಾಪುರ ಕಣ್ಣಿಗೆ ಕಾಣುತ್ತದೆ. ರಸ್ತೆ ಹಿಡಿದರೆ ತ್ರಾಸಿ ಸುತ್ತಿ ಹೋಗಬೇಕು. ಸರಕಾರದ ಪರಿಹಾರ ಬರುವ ದಾರಿಯೂ ಅದೇ ತರಹದ್ದು.

2021ರ ಮೇ 15ರಂದು ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದು ಗುಜರಾತಿನತ್ತ ಹೋಯಿತು. ಕಾಲವನ್ನು ಗಮನಿಸಿರಿ. ಏಪ್ರಿಲ್ ಕೊನೆಯಿಂದಲೇ ರಾಜ್ಯಕ್ಕೆ ಕೋವಿಡ್ ಬೀಗ ಬಿದ್ದಿತ್ತು. ಜೂನ್ 1ರಿಂದ ಜುಲೈ 31ರ ವರೆಗೆ, 61 ದಿನ, ಯಂತ್ರದೋಣಿಗಳು ಕಡಲಿಗಿಳಿಯುವಂತಿಲ್ಲ. ಮಳೆಗಾಲದ ಅಕ್ಕಿಗೆಂದು ನಾಲ್ಕು ಕಾಸು ಕೂಡಿಡುವ ಕೊನೆಯ ಹದಿನೈದು ದಿನಗಳನ್ನೇ ಗಾಳಿ ಕಿತ್ತುಕೊಂಡಿತು. ಚೇತರಿಕೆಯ ವರ್ಷ ಬರಿಗೈಯಿಂದಲೇ ಆರಂಭವಾಯಿತು.

ಜನ ಮೊದಲು ತಟ್ಟುವುದು ಪಂಚಾಯತಿನ ಬಾಗಿಲನ್ನು. ಆದರೆ ತಡೆಗೋಡೆ ಬಂದರು ಇಲಾಖೆಯದು, ಪರಿಹಾರದ ಕಡತ ತಹಶೀಲ್ದಾರರದು. ಆಗ ಪಂಚಾಯತಿನ ಕೈಯಲ್ಲಿದ್ದುದು ಹದಿನೈದನೆಯ ಹಣಕಾಸು ಆಯೋಗದ ಅನುದಾನ. ಅದರಲ್ಲೂ ನೂರಕ್ಕೆ 60 ಭಾಗ ನೀರು-ನೈರ್ಮಲ್ಯಕ್ಕೇ ಮೀಸಲಾಗಿತ್ತು. ಬಾವಿಗೆ ಉಪ್ಪುನೀರು ಸೇರುವ ಊರಿಗೆ ಅದು ಬೇಡದ ಹಣವಲ್ಲ, ಒಪ್ಪೋಣ. ಉದ್ಯೋಗ ಖಾತರಿಯೂ ಇತ್ತು, ಆ ವರ್ಷದ ಕೂಲಿ ದಿನಕ್ಕೆ 289 ರೂಪಾಯಿ.

ಇನ್ನು ಪರಿಹಾರದ ದರ ಕೇಳಿರಿ. ಆಗ ಜಾರಿಯಲ್ಲಿದ್ದ ನಿಯಮದಂತೆ ಪೂರ್ತಿ ನಾಶವಾದ ದೋಣಿಗೆ 9,600 ರೂಪಾಯಿ, ಬಲೆಗೆ 2,600. (ಈ ದರ ಬರೆದವರು ಬಲೆಯ ಅಂಗಡಿ ಮೆಟ್ಟಿಲು ಹತ್ತಿದವರಲ್ಲ.) ಅದೂ ದೋಣಿ, ಬಲೆ ಉಳ್ಳವನಿಗೆ. ಬಂದರಿನಲ್ಲಿ ಮೀನು ಹೊರುವ ಕೂಲಿಗೆ, ಐಸ್ ಕಾರ್ಖಾನೆಯವನಿಗೆ, ಬುಟ್ಟಿ ಹೊತ್ತು ಮನೆಮನೆಗೆ ಹೋಗುವ ಹೆಂಗಸಿಗೆ ಆ ಸಾಲಿನಲ್ಲಿ ಹೆಸರಿಲ್ಲ. ಜೀವನೋಪಾಯ ಕಳೆದುಕೊಂಡ ವಯಸ್ಕನಿಗೆ ದಿನಕ್ಕೆ 60 ರೂಪಾಯಿ ಎಂಬ ನಿಯಮವೂ ಅದೇ ಪುಸ್ತಕದಲ್ಲಿತ್ತು. ಬುಟ್ಟಿಯವಳಿಗೆ ಅದನ್ನು ಯಾರು ಓದಿ ಹೇಳಬೇಕಿತ್ತು?

ಮಿಲ್ಲಿನ ಸಂಗಾತಿಗಳಿಗೆ ಇದು ಹೊಸತಲ್ಲ. ಬೆಂಕಿ ಬಿದ್ದರೆ ಯಂತ್ರಕ್ಕೆ ವಿಮೆಯುಂಟು. ನಿಂತುಹೋದ ನಿಮ್ಮ ಕೂಲಿಗೆ ಉಂಟೇ? ಸಣ್ಣ ಅಂಗಡಿಯವರನ್ನೂ ಕೇಳುತ್ತೇವೆ: ಅಂಥ ಮಳೆಗಾಲದಲ್ಲಿ ಕೇರಿಯ ಒಲೆ ಉರಿಯುವುದು ನಿಮ್ಮ ಉದ್ರಿಯಿಂದ ತಾನೇ? ಪರಿಹಾರ ನಿಧಿಗೆ ಸಲ್ಲಬೇಕಾದ ಭಾರವನ್ನು ನೀವು ಹೊತ್ತಿರಿ, ರಶೀದಿಯಿಲ್ಲದೆ.

1993ರ ಪಂಚಾಯತ್ ರಾಜ್ ಕಾಯಿದೆಯಂತೆ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಕೂಡಲೇಬೇಕು. ಪರಿಹಾರಕ್ಕೆ ಅರ್ಹರ ಪಟ್ಟಿಯನ್ನು ಅಲ್ಲಿ ಗಟ್ಟಿಯಾಗಿ ಓದಿಸಬೇಕು, ಕೂಲಿಯವರ ಮತ್ತು ಮೀನು ಮಾರುವವರ ಪಟ್ಟಿಯನ್ನು ಗಾಳಿ ಬರುವ ಮುಂಚೆಯೇ ಬರೆದಿಡಬೇಕು ಎಂದು ಠರಾವು ಮಂಡಿಸಲಿದ್ದೇವೆ. ಅಂಗಡಿಯವರು ಆ ವರ್ಷದ ಉದ್ರಿ ಪುಸ್ತಕ ಉಳಿಸಿಕೊಂಡಿದ್ದರೆ ಸಭೆಗೆ ತನ್ನಿರಿ.